ಆಶ್ವೀಜದಲ್ಲಿ ಕೆಂಪಾದ ಬಾದಾಮಿ

ನಮ್ಮ ಮನೆಯ ಪುಟ್ಟ ಬಾದಾಮಿ ಮರ ಆ ವರ್ಷ ಮಹಾಲಯ ಅಮಾವಾಸ್ಯೆಗೆ ಮುಂಚೆಯೇ ಕೆಂಪಾಗತೊಡಗಿತು. ಬಾದಾಮಿ ಎಲೆ ಕೆಂಪಾಗುವುದು ಸಂಕ್ರಾಂತಿಯ ಆಚೆಗೆ. ಬಸವನಗುಡಿಯ ನಮ್ಮ ಬೀದಿಯಲ್ಲಿ, ಗೇಟಿನ ಎದುರಿಗೇ, ಅದರ ತಾಯಿಮರವಿತ್ತು. ಅದಿನ್ನೂ ಮಳೆಗಾಲದ ದಟ್ಟ ಹಸಿರಿನಲ್ಲೇ ನಿಂತಿತ್ತು. ಜಗಲಿಯ ಮೇಲೆ, ಮೊಣಕಾಲೆತ್ತರದ ಮಗು ಮಾತ್ರ ಕೆಂಪು.

ಆ ಮರವನ್ನು ಬೆಳೆಸಿದವರು ಅಪ್ಪಾಜಿ ಮತ್ತು ನಾನು. ನಾನು ಮಿಡ್ಲ್ ಸ್ಕೂಲಿನಲ್ಲಿದ್ದಾಗ ಯಾರೋ ಗಿರಾಕಿ ತೋರಿಸಿದ ಪತ್ರಿಕೆಯಲ್ಲಿ, ತಟ್ಟೆಯೊಳಗೆ ನಿಂತ ಜಪಾನಿನ ಮುದಿಮರವೊಂದರ ಚಿತ್ರವನ್ನು ಅವರು ನೋಡಿದ್ದರು. ಮರುದಿನವೇ ಚರಂಡಿಯ ಕಲ್ಲುಸಂದಿಯಲ್ಲಿ ಮೊಳೆತಿದ್ದ ಬಾದಾಮಿ ಸಸಿಯನ್ನು ಕಿತ್ತು ತಂದರು. ಅಮ್ಮ ಹೊರಗೆ ಹಾಕಿದ್ದ ಒಡೆದ ಬಾನಿಯ ತಳ ಅದಕ್ಕೆ ತಟ್ಟೆಯಾಯಿತು. ಅಂಥ ಮರಕ್ಕೆ ಬೋನ್ಸಾಯ್ ಎಂಬ ಹೆಸರಿದೆಯೆಂದು ನನಗೆ ತಿಳಿದದ್ದು ಕಾಲೇಜು ಸೇರಿದ ಮೇಲೆ. ಮನೆಯಲ್ಲಿ ಅದು 'ಗಿಡ್ಡ', ಅಷ್ಟೆ. ಬೇಸಿಗೆ ಕಳೆದು ಮೊದಲ ಮಳೆ ಬಿದ್ದಾಗ ಅದನ್ನು ಮಣ್ಣಿನಿಂದ ಎತ್ತಿ ಬೇರು ಕತ್ತರಿಸುತ್ತಿದ್ದೆವು. ಅಪ್ಪಾಜಿ ಬುಡ ಹಿಡಿದುಕೊಳ್ಳುವರು, ಕತ್ತರಿ ನನ್ನ ಕೈಯಲ್ಲಿ.

"ಅದಲ್ಲ ಕಣಮ್ಮ, ಅದು ಅನ್ನ ಹಾಕೋ ಬೇರು. ಪಕ್ಕದ ಸೋಮಾರೀನ ಕತ್ತರಿಸು."

ಮನೆಯಲ್ಲಿ ಅವರೂ ಮಾತು ಕಡಿಮೆ, ನಾನೂ ಕಡಿಮೆ. ನಮ್ಮಿಬ್ಬರ ಮಾತುಕತೆ ನಡೆದದ್ದೆಲ್ಲ ಹೆಚ್ಚುಕಡಿಮೆ ಆ ತಟ್ಟೆಯ ಸುತ್ತಲೇ.

ಅಪ್ಪಾಜಿಗೆ ತರಗುಪೇಟೆಯಲ್ಲಿ ಬೇಳೆಕಾಳಿನ ಮಂಡಿ. ಅಲ್ಲಿ ಅವರ ಬಾಯಿಮಾತಿನ ಮೇಲೆ ಮೂಟೆಗಳು ಗಾಡಿ ಹತ್ತುತ್ತಿದ್ದವು. ಬೇರೆ ವ್ಯಾಪಾರಿಗಳು ಕಾಗದ ಕೇಳುವ ಕಡೆ ಇವರು ತಲೆಯಾಡಿಸಿದರೆ ಸಾಕು ಎಂದು ಚಿಕ್ಕಂದಿನಿಂದ ಕೇಳಿ ಬೆಳೆದವಳು ನಾನು. ಆದ್ದರಿಂದ, ನಾನು ಬಿ.ಎಸ್ಸಿ.ಯ ಕೊನೆಯ ವರ್ಷಕ್ಕೆ ಕಾಲಿಟ್ಟಾಗ ಅಮ್ಮ ಮದುವೆಯ ಮಾತೆತ್ತಲು, ಅಪ್ಪಾಜಿ, "ಪರೀಕ್ಷೆ ಮುಗಿಯೋವರೆಗೂ ಯಾರನ್ನೂ ಹೆಣ್ಣು ನೋಡೋಕೆ ಕರೆಯಲ್ಲ. ನೀನು ಓದ್ಕೋ. ಮಾತು ಕೊಟ್ಟಿದೀನಿ," ಎಂದಾಗ ನಾನು ಮತ್ತೇನೂ ಕೇಳಲಿಲ್ಲ. ನಮ್ಮ ತರಗತಿಯಲ್ಲಿದ್ದ ಹುಡುಗಿಯರೇ ಕೆಲವರು. ಅವರಲ್ಲಿ ಇಬ್ಬರು ಹೀಗೆ ಮಧ್ಯದಲ್ಲೇ ಲಗ್ನಪತ್ರಿಕೆ ಹಂಚಿ ಹೋಗಿದ್ದರು. ಮೂರನೆಯವಳು ನಾನಾಗುವುದಿಲ್ಲ ಎಂಬ ಧೈರ್ಯ ನನಗಿತ್ತು.

ಮರ ಕೆಂಪಾದದ್ದು ಆ ಧೈರ್ಯದ ದಿನಗಳಲ್ಲಿ. ಮೊದಲು ಕೆಳಗಿನ ಹಳೆಯ ಎಲೆಗಳ ಅಂಚು ತಾಮ್ರದಂತಾಯಿತು. ಆಮೇಲೆ ನರಗಳ ನಡುವಿನ ಜಾಗ ಹಳದಿಗೆ ತಿರುಗಿ, ಅದರ ಮೇಲೆ ಕೆಂಪು ಹರಡಿತು. ನಡುನರದ ಇಕ್ಕೆಲದಲ್ಲಿ ಮಾತ್ರ ಹಸಿರು ಇನ್ನೂ ಸ್ವಲ್ಪ ಕಾಲ ಉಳಿದುಕೊಂಡಿತ್ತು. ದಿನಕ್ಕೊಂದು ಎಲೆಯನ್ನು ಬಣ್ಣದ ಪೆನ್ಸಿಲಿನಲ್ಲಿ ಬರೆದೆ. ಬೀದಿಯ ಮರಕ್ಕೂ ಇದಕ್ಕೂ ಯಾಕೆ ಹೀಗೆ ವ್ಯತ್ಯಾಸ ಎಂಬುದಕ್ಕೆ ನಾನೇ ಕಾರಣಗಳನ್ನು ಕಟ್ಟಿಕೊಂಡೆ. ಬೇರು ತೀರ ಮೇಲಿದೆ, ಬೆಳಗಿನ ತಂಪು ಮಣ್ಣಿಗೆ ಬೇಗ ಇಳಿಯುತ್ತದೆ, ಆದ್ದರಿಂದ ಇದು ಚಳಿಯನ್ನು ಮೊದಲೇ ಗುರುತಿಸಿದೆ. ಕಾರಣ ಚೆನ್ನಾಗಿತ್ತು. ಕಾಲೇಜಿನಲ್ಲಿ ಅದನ್ನೇ ಒಂದು ಪ್ರಬಂಧ ಮಾಡಿ ಓದಬೇಕೆಂದಿದ್ದೆ.

ನೀರು ಹಾಕುವ ಕೆಲಸ ಆಗ ನನ್ನದಾಗಿರಲಿಲ್ಲ. ಪ್ರಾಕ್ಟಿಕಲ್ಸ್ ಇದ್ದ ದಿನಗಳಲ್ಲಿ ನಾನು ಬೇಗ ಹೊರಡಬೇಕಾಗಿದ್ದರಿಂದ, "ನೀನು ಓದಿನ ಕಡೆ ನೋಡು, ಗಿಡ್ಡನ್ನ ನಾನು ನೋಡ್ಕೋತೀನಿ," ಎಂದು ಅಪ್ಪಾಜಿ ವಹಿಸಿಕೊಂಡಿದ್ದರು. ಮಳೆಗೆ ಬೇರು ಕೊಳೆಯುತ್ತದೆಂದು ತಟ್ಟೆಯನ್ನು ಅಂಗಳದಿಂದ ಜಗಲಿಯ ಹೆಂಚಿನ ಕೆಳಗೆ ತಂದಿಟ್ಟವರೂ ಅವರೇ. ನಾನು ಪುಸ್ತಕ ಹಿಡಿದು ಗೇಟು ದಾಟುವಾಗ ಅವರು ತಂಬಿಗೆ ಹಿಡಿದು ಬಗ್ಗಿರುತ್ತಿದ್ದರು. ಬುಡದ ಪಾಚಿ ಯಾವಾಗಲೂ ಒದ್ದೆಯಾಗಿ ಹೊಳೆಯುತ್ತಿತ್ತು.

ನವರಾತ್ರಿಗೆ ಬೊಂಬೆ ಕೂರಿಸಿದಾಗ, "ಈ ಸಲ ಗಿಡ್ಡನ್ನೂ ಬೊಂಬೆ ಪಕ್ಕ ಇಡೋಣ," ಎಂದರು ಅಪ್ಪಾಜಿ. "ಚಿಕ್ಕಪೇಟೆಯಿಂದ ಒಬ್ರು ಮರ ನೋಡೋಕೆ ಬರ್ತಾರೆ. ಬಟ್ಟೆ ಅಂಗಡಿಯವರು, ಗಿಡದ ಹುಚ್ಚು. ನೀನೇ ಎಲ್ಲಾ ವಿವರಿಸು. ನಂಗೆಲ್ಲಿ ಬರುತ್ತೆ ನಿಮ್ಮ ಬಾಟನಿ?"

ಬೊಂಬೆ ನೋಡಲು ಬೀದಿಯ ಹೆಂಗಸರು, ಮಕ್ಕಳು ದಿನವೂ ಬಂದುಹೋಗುತ್ತಿದ್ದ ದಿನಗಳು. ಯಾರು ಬಂದರೂ ಯಾರೂ ಯಾಕೆಂದು ಕೇಳುವುದಿಲ್ಲ. ಆ ಸಂಜೆ ಅಮ್ಮ ರೇಷ್ಮೆ ಸೀರೆ ತೆಗೆದಿಟ್ಟಾಗ, ಮರ ನೋಡುವವರಿಗೆ ಸೀರೆ ಯಾಕೆ ಎಂದೆ.

"ಹಬ್ಬ ಅಲ್ವೇನೇ? ಬೊಂಬೆಗಳೇ ಜರಿ ಉಟ್ಕೊಂಡಿವೆ. ನೀನು ವಾಯಿಲ್ ಸೀರೇಲಿ ನಿಂತ್ರೆ ಚೆನ್ನಾಗಿರುತ್ತಾ?" ಎಂದು ನಕ್ಕರು.

ಬಂದವರು ಮೂವರು: ಅಂಗಡಿಯ ಯಜಮಾನರು, ಅವರ ಹೆಂಡತಿ, ಮಗ. ಹೊಸಬರೆದುರು ಸಾಮಾನ್ಯವಾಗಿ ನಾನು ಒಂದೆರಡು ಮಾತಿನಲ್ಲೇ ಮುಗಿಸುತ್ತೇನೆ. ಆ ದಿನ ಹಾಗಾಗಲಿಲ್ಲ. ಹಸಿರು ಹೇಗೆ ಎಲೆಯಿಂದ ಹಿಂದಕ್ಕೆ ಸರಿಯುತ್ತದೆ, ಮರ ತನಗೆ ಬೇಕಾದ್ದನ್ನು ರೆಂಬೆಗೆ ಹೇಗೆ ಎಳೆದುಕೊಳ್ಳುತ್ತದೆ, ತೊಟ್ಟಿನ ಬುಡದಲ್ಲಿ ತೆಳ್ಳನೆಯ ಪದರವೊಂದು ಹೇಗೆ ಬೆಳೆದು ಎಲೆಯನ್ನು ಬಿಡಿಸುತ್ತದೆ, ಎಲ್ಲವನ್ನೂ ಹೇಳಿದೆ. ನೆಲದ ಮೇಲೆ ಕೂತು ಎಲೆಯ ಕೆಳಭಾಗವನ್ನು ದೀಪಕ್ಕೆ ಹಿಡಿದು ತೋರಿಸಿದೆ. ಯಜಮಾನರ ಹೆಂಡತಿ ಎಲೆಯನ್ನು ನೋಡದೆ ನನ್ನ ಕೈಯನ್ನು ನೋಡುತ್ತಿದ್ದುದು ಗಮನಕ್ಕೆ ಬಂತು. ಬಳೆ ನೋಡುತ್ತಿರಬಹುದು ಎಂದುಕೊಂಡೆ.

ಮಗ ಒಂದೇ ಒಂದು ಪ್ರಶ್ನೆ ಕೇಳಿದ. "ನೀರು ಕಮ್ಮಿಯಾದ್ರೂ ಹಿಂಗೆ ಬೇಗ ಕೆಂಪಾಗುತ್ತಲ್ವಾ?"

"ಆಗಬಹುದು," ಎಂದೆ. "ಆದ್ರೆ ಇದಕ್ಕೆ ಆ ಪ್ರಶ್ನೆಯೇ ಇಲ್ಲ. ದಿನಾ ಬೆಳಿಗ್ಗೆ ನಮ್ಮ ಅಪ್ಪಾಜಿಯವರೇ ಕೈಯಾರ ನೀರು ಹಾಕ್ತಾರೆ."

ಅಪ್ಪಾಜಿ ಹೆಗಲ ಮೇಲಿನ ವಲ್ಲಿಯನ್ನು ಸರಿಮಾಡಿಕೊಂಡು, ಕಾಫಿ ತರುವಂತೆ ಅಮ್ಮನಿಗೆ ಹೇಳಿದರು.

ಹೊರಡುವಾಗ ಆ ಹೆಂಗಸು ನನ್ನ ಗಲ್ಲ ಹಿಡಿದು, ಅಮ್ಮನ ಕಡೆ ತಿರುಗಿದರು. "ಹುಡುಗೀನ ಚಾಪೆ ಮೇಲೆ ಕೂರ್ಸಿ ಹಾಡು ಹೇಳ್ಸೋದೆಲ್ಲಾ ಹಳೇ ಕಾಲ ಬಿಡಿ. ನಿಮ್ಮ ಯಜಮಾನ್ರು ಹೇಳಿದ್ದೇ ಸರಿ, ಮರದ ಮಾತೆತ್ತಿದ್ರೆ ಬಾಯಿ ಬಿಡ್ತಾಳೆ ಅಂತ. ಅಬ್ಬಾ, ಎಷ್ಟು ಚೆನ್ನಾಗಿ ಮಾತಾಡ್ತಾಳೆ! ನಮ್ಮ ಹುಡುಗಂಗೂ ಮಾತು ಕಲಿಸ್ತಾಳೆ."

ಮಗ ತಲೆ ತಗ್ಗಿಸಿದ. ಅವನಿಗೆ ಗೊತ್ತಿತ್ತು. ಆ ಕೋಣೆಯಲ್ಲಿದ್ದವರಲ್ಲಿ ಗೊತ್ತಿಲ್ಲದವಳು ನಾನೊಬ್ಬಳೇ.

ಅವರ ಜಟಕಾ ಬೀದಿಯ ತಿರುವು ದಾಟಿದ ಮೇಲೆ, ಏನಾದರೂ ಕೆಲಸ ಬೇಕಾಗಿ, ಮರವನ್ನು ಜಗಲಿಗೆ ತೆಗೆದುಕೊಂಡು ಹೋಗಲು ಎತ್ತಿದೆ. ತಟ್ಟೆ ಹಗುರವಾಗಿ ಮೇಲೆ ಬಂತು. ಯಾವಾಗಲೂ ಇಬ್ಬರು ಹಿಡಿಯಬೇಕಾದ ತಟ್ಟೆ. ಕೆಳಗಿಟ್ಟು ಪಾಚಿಯನ್ನು ಸರಿಸಿ ಮಣ್ಣಿಗೆ ಬೆರಳಿಟ್ಟೆ. ಮೇಲೆ ಒಂದು ಪದರ ತೇವ. ಅದರ ಕೆಳಗೆ, ಬೇರಿನ ಮಟ್ಟದಲ್ಲಿ, ಒಲೆಯ ಬೂದಿಯಂಥ ಪುಡಿ.

ಅಪ್ಪಾಜಿ ಬಾಗಿಲಲ್ಲಿ ನಿಂತಿದ್ದರು.

"ಸಾಯಲ್ಲ ಅದು," ಎಂದರು. "ನಂಗೆ ಅಳತೆ ಗೊತ್ತಿಲ್ವಾ? ಎಲೆ ಉದುರುತ್ತೆ, ಮತ್ತೆ ಬರುತ್ತೆ. ಅವರು ಬರೋದು ಹಬ್ಬಕ್ಕೆ ಅಂತ ಗೊತ್ತಾಗಿತ್ತು. ಹಸಿರು ಮರ ಆದ್ರೆ ಯಾರು ಬಂದು ನೋಡ್ತಾರೆ?"

"ಪರೀಕ್ಷೆ ಮುಗಿಯೋವರೆಗೂ ಯಾರನ್ನೂ ಕರೆಯಲ್ಲ ಅಂದಿದ್ರಿ."

"ಕರೆದದ್ದು ಮರ ನೋಡೋಕಲ್ವಾ?"

ಅದನ್ನು ಹೇಳುವಾಗ ಅವರ ತುಟಿಯ ಕೊನೆಯಲ್ಲಿ ಸಣ್ಣ ನಗುವಿತ್ತು. ಒಳ್ಳೆಯ ವ್ಯಾಪಾರ ಕುದುರಿದ ದಿನ ಮಂಡಿಯಿಂದ ಹೊತ್ತು ತರುತ್ತಿದ್ದ ನಗು. ನಾನು ಅದನ್ನು ಎಷ್ಟೋ ಸಲ ನೋಡಿ ಖುಷಿಪಟ್ಟಿದ್ದೆ. ಆದರೆ ಅದು ಯಾರನ್ನು ಗೆದ್ದು ನಕ್ಕ ನಗು ಎಂದು ಯೋಚಿಸಿರಲಿಲ್ಲ.

"ಹಾಗಾದ್ರೆ ಮರಾನೇ ಧಾರೆ ಎರೆದು ಕೊಡಿ," ಎಂದೆ.

ಅಮ್ಮನಿಗೆ ನಗು ಬಂದು, ತಕ್ಷಣ ಸೆರಗು ಬಾಯಿಗೆ ಹಿಡಿದರು. ಅಪ್ಪಾಜಿ ನಗಲಿಲ್ಲ. "ಮೊದಲೇ ಹೇಳಿದ್ರೆ ನೀನು ಅವರ ಎದುರಿಗೆ ಬರ್ತಿದ್ಯಾ?" ಎಂದರು.

"ಇಲ್ಲ."

"ಮತ್ತೆ?"

ನಾನು ತಂಬಿಗೆ ತಂದು ಬೇರಿನವರೆಗೂ ಇಳಿಯುವಂತೆ ನೀರು ಹಾಕಿದೆ. ನನ್ನನ್ನು ಮೋಸದಿಂದ ತೋರಿಸಿದ್ದಕ್ಕಿಂತ ನನ್ನನ್ನು ಕಾಡಿದ್ದು, ಆ ಸಂಜೆ ನಾನು ನಿಜವಾಗಿ ಸಂತೋಷವಾಗಿದ್ದೆ ಎಂಬುದು. ನನಗೆ ತಿಳಿದದ್ದನ್ನು ಕೇಳಲು ಜನ ಬಂದಿದ್ದಾರೆ ಎಂದು ನಾನು ನಂಬಿದ್ದೆ. ಆ ನಂಬಿಕೆಯೇ ಅವರಿಗೆ ಬೇಕಾಗಿದ್ದ ಅಲಂಕಾರ. ಎಲೆಯ ಬಣ್ಣವನ್ನು ಬರಿಸಿದಂತೆಯೇ ಅದನ್ನೂ ಬರಿಸಿದ್ದರು.

ವಿಜಯದಶಮಿ ಕಳೆದ ಮೇಲೆ ಚಿಕ್ಕಪೇಟೆಯಿಂದ ಒಪ್ಪಿಗೆ ಬಂತು. ಮಾಘದಲ್ಲಿ ಮದುವೆ ಎಂದರು. ಪರೀಕ್ಷೆ ಅದರ ಆಚೆಗಿತ್ತು. ನಾನು ಒಲ್ಲೆನೆಂದೆ. ಅತ್ತದ್ದಿಲ್ಲ, ಊಟ ಬಿಟ್ಟದ್ದೂ ಇಲ್ಲ. ಕೇಳಿದಾಗಲೆಲ್ಲ ಅದೇ ಮಾತನ್ನು ಅದೇ ದನಿಯಲ್ಲಿ ಹೇಳಿದೆ. ಕೊನೆಗೆ ಅಪ್ಪಾಜಿ ಹೋಗಿ, ಹುಡುಗಿಗೆ ಎದೆನೋವು, ಡಾಕ್ಟರು ಈ ವರ್ಷ ಬೇಡ ಅಂದಿದ್ದಾರೆ ಎಂದು ಹೇಳಿ ಬಂದರು. ಇಲ್ಲದ ಕಾಯಿಲೆಯೊಂದು ನನ್ನ ಹೆಸರಿಗೆ ಬಂತು. ಚಿಕ್ಕಪೇಟೆಯಿಂದ ಗಾಂಧಿ ಬಜಾರಿನವರೆಗೂ ಅದು ತಿಳಿಯಿತು. ಬಜಾರಿನಲ್ಲಿ ಹೂವು ಕೊಳ್ಳುವಾಗ, "ಈಗ ಹೇಗಿದೆಯಮ್ಮ ಎದೆ?" ಎಂದು ಕೇಳಿದವರಿದ್ದಾರೆ. ವಾಸಿಯಾಗಿದೆ ಎಂದು ಹೇಳುತ್ತಿದ್ದೆ.

ಪ್ರಬಂಧ ಓದಲಿಲ್ಲ. ಪರೀಕ್ಷೆ ಬರೆದೆ, ಪಾಸಾದೆ.

ಫಲಿತಾಂಶ ಬಂದ ದಿನ ಅಪ್ಪಾಜಿ ಮಂಡಿಗೆ ಹೋಗದೆ ಮನೆಯಲ್ಲೇ ಉಳಿದಿದ್ದರು. ನಾನು ಎಂ.ಎಸ್ಸಿ. ಮಾಡಬೇಕೆಂದಿರುವುದು ಅವರಿಗೆ ಅಮ್ಮನಿಂದ ಗೊತ್ತಿತ್ತು. ನಡುಮನೆಯಲ್ಲಿ ನನ್ನನ್ನು ಕರೆದು, "ಓದು. ಮುಗಿಯೋವರೆಗೂ ನಾನಾಗಿ ಯಾರನ್ನೂ ಮನೆಗೆ ಕರೆಯಲ್ಲ," ಎಂದರು. ದನಿ ಮೆತ್ತಗಿತ್ತು. ಮನಸ್ಸಿನಿಂದಲೇ ಹೇಳಿದ್ದರು ಎಂದು ಈಗ ಅನ್ನಿಸುತ್ತದೆ.

"ಅಮ್ಮನ್ನ ಕರೀತೀನಿ," ಎಂದೆ. "ಅವರ ಎದುರಿಗೆ ಇನ್ನೊಂದ್ಸಲ ಹೇಳಿ, ಅಪ್ಪಾಜಿ."

ಅವರು ನನ್ನ ಮುಖವನ್ನೇ ನೋಡಿದರು. ಅವರಿಂದ ಸಾಕ್ಷಿ ಕೇಳಿದವರು ಬಹುಶಃ ಅದುವರೆಗೆ ಯಾರೂ ಇರಲಿಲ್ಲ. ಅಮ್ಮ ಒದ್ದೆ ಕೈಯನ್ನು ಒರೆಸಿಕೊಳ್ಳುತ್ತ ಅಡಿಗೆಮನೆಯಿಂದ ಬಂದು, ಏನೆಂದು ತಿಳಿಯದೆ, ನಮ್ಮಿಬ್ಬರ ನಡುವೆ ನಿಂತರು. ಅಪ್ಪಾಜಿ ಎದ್ದು ನಿಂತು, ಆಗ ಹೇಳಿದ್ದನ್ನೇ, ಒಂದು ಪದವನ್ನೂ ಬಿಡದೆ, ಇನ್ನೊಮ್ಮೆ ಹೇಳಿದರು.