ಗೋಡೆಯಾಚೆಯ ಹಸೀನಾ

ಪಕ್ಕದ ಮನೆಗೆ ಹೊಸದಾಗಿ ಬಂದವರು ಯಾರಿಗೋ ಗಂಜಿ ಕಾಯಿಸುತ್ತಿದ್ದಾರೆ. ಬೆಳಗಿನಿಂದ ಕಿಟಕಿಯಲ್ಲಿ ಅದೇ ವಾಸನೆ. ನನ್ನ ಹೆಂಡತಿಗೆ ಅದು ವಾಸನೆಯೇ ಅಲ್ಲ. “ಅಕ್ಕಿ ಕುದಿದ್ರ ಏನ ವಾಸನಿ ಬರ್ತೈತ್ರಿ, ನಿಮ್ಮ ಮೂಗಿಗೂ ವಯಸ್ಸಾತು” ಎನ್ನುತ್ತಾಳೆ. ಇರಬಹುದು. ಕನ್ನಡಕ ಎಲ್ಲಿಟ್ಟೆನೆಂದು ದಿನಕ್ಕೆ ನಾಲ್ಕು ಸಲ ಕೇಳುವವನು ನಾನು. ಅಂಥವನಿಗೆ ಏಳನೆಯ ವರ್ಷದಲ್ಲಿ ಕುಡಿದ ಗಂಜಿತಿಳಿಯ ವಾಸನೆ ನೆನಪಿದೆ ಎಂದರೆ ನೀವೂ ನಗುತ್ತೀರಿ.

ಆಗ ನಾವು ಸವಣೂರಿನಲ್ಲಿದ್ದೆವು. ಸ್ವಾತಂತ್ರ್ಯ ಬರುವುದಕ್ಕೆ ಇನ್ನೂ ಎರಡು ಮೂರು ವರ್ಷವಿತ್ತು. ಅಪ್ಪನದು ಊರ ಹೊರಗೆ ವೀಳ್ಯದೆಲೆಯ ತೋಟ. ನಮ್ಮ ಮನೆಗೂ ಪಕ್ಕದ ಖತೀಜಾಬಿಯ ಮನೆಗೂ ನಡುವೆ ಒಂದೇ ಮಣ್ಣಿನ ಗೋಡೆ. ಆಕೆಯ ಗಂಡ ನಮ್ಮ ತೋಟದಿಂದಲೇ ಎಲೆ ಕಟ್ಟಿಕೊಂಡು ಶಿಗ್ಗಾವಿ, ಹಾನಗಲ್ಲುಗಳ ಸಂತೆಗೆ ಹೋಗುತ್ತಿದ್ದ. ಅವರಿಗೆ ಒಬ್ಬಳೇ ಮಗಳು ಹಸೀನಾ, ನನಗಿಂತ ಒಂದು ವರ್ಷ ಚಿಕ್ಕವಳು. ಇಬ್ಬರೂ ದಿನವೆಲ್ಲ ಒಟ್ಟಿಗೆ ಆಡುತ್ತಿದ್ದೆವು. ಆ ಮಳೆಗಾಲ ಇಬ್ಬರೂ ಒಂದೇ ವಾರದಲ್ಲಿ ಜ್ವರ ಬಂದು ಮಲಗಿದೆವು.

ವಿಷಮಜ್ವರ ಎಂದರು ಹಾವೇರಿಯಿಂದ ಬಂದ ಡಾಕ್ಟರು. ಆಗ ಅದಕ್ಕೆ ಇಂಥದೇ ಎಂಬ ಔಷಧವಿರಲಿಲ್ಲ. “ಮೂರು ವಾರ ಗಂಜಿತಿಳಿ ಬಿಟ್ಟು ಏನೂ ಕೊಡಬ್ಯಾಡ್ರಿ. ದಾಟಿದ್ರ ದಾಟಿದಂಗ” ಎಂದು ಚೀಲ ಮುಚ್ಚಿಕೊಂಡು ಹೋದರು.

ಅವ್ವ ಅಳಲಿಲ್ಲವಂತೆ. ಅವಳ ನಂಬಿಕೆ ಅಂಥದು. ಬೆಳಿಗ್ಗೆ ಮಿಂದು, ಅಂಗೈಯಲ್ಲಿ ಲಿಂಗವಿಟ್ಟು ಪೂಜೆ ಮುಗಿಸಿ, ನನ್ನ ಹಣೆಗೆ ವಿಭೂತಿ ಹಚ್ಚುವಳು. ಹಾಗೆಯೇ ಹಿತ್ತಲಿನಿಂದ ಪಕ್ಕದ ಮನೆಗೆ ಹೋಗಿ ಹಸೀನಾಳ ಹಣೆಗೂ ಹಚ್ಚಿ ಬರುವಳು. ಖತೀಜಾಬಿ ನಮಾಜು ಮುಗಿಸಿ, ದುವಾ ಓದಿ ಊದಿದ ನೀರನ್ನು ಮಗಳಿಗೆ ಒಂದು ಗುಟುಕು ಕುಡಿಸಿ, ಉಳಿದದ್ದನ್ನು ನನಗೆ ತರುವಳು. ಹೀಗೆ ಇಬ್ಬರಿಗೂ ಎರಡೂ ಸಿಕ್ಕಿತು. ಒಬ್ಬರಿಗೆ ಹೆಚ್ಚು, ಒಬ್ಬರಿಗೆ ಕಡಿಮೆ ಎಂಬುದಿರಲಿಲ್ಲ.

“ಅಕ್ಕಾ, ನನಗ್ಯಾಕೋ ಎದಿ ಹೊಡಕೊಳ್ಳಾಕತ್ತೈತಿ” ಎಂದು ಖತೀಜಾಬಿ ಒಂದು ದಿನ ನನ್ನ ಹಾಸಿಗೆಯ ಹತ್ತಿರವೇ ಕುಸಿದು ಕುಳಿತಳು.

“ಅಂಜಬ್ಯಾಡ ಖತೀಜಾ. ಇಬ್ರೂ ಏಳ್ತಾರ. ಎದ್ದ ದಿನ ಓಣಿ ಹುಡುಗೂರಿಗೆಲ್ಲ ಹೋಳಿಗಿ ಉಣಸ್ತೇನಂತ ಹರಕಿ ಹೊತ್ತೇನಿ. ಇಬ್ರ ಹೆಸರಿನ್ಯಾಗೂ ಹೊತ್ತೇನಿ” ಎಂದಳು ಅವ್ವ. ಸಂಜೆಗೆ ಮನೆಗೆ ಬರುವ ದನಗಳ ಬಗ್ಗೆ ಹೇಳುವಷ್ಟು ಸಹಜವಾಗಿ ಹೇಳಿದಳು.

ನಮಗೆ ಮಾತ್ರ ಹಸಿವಿನದೇ ಚಿಂತೆ. ಗೋಡೆಯ ಆ ಕಡೆ ಅವಳ ಹಾಸಿಗೆ, ಈ ಕಡೆ ನನ್ನದು. ಮಣ್ಣಿನ ಗೋಡೆಯ ಮೇಲೆ ಸೂರಿನವರೆಗೆ ಸಂದಿಯಿತ್ತು. ಅದರಲ್ಲಿ ಮಾತು ಹಾಯುತ್ತಿತ್ತು.

“ಏ, ಇವತ್ತ ನಿನಗೇನ ಕೊಟ್ರು?” ಎಂದು ಅವಳು ಕೇಳುವಳು.

“ತಿಳಿ. ನಿನಗ?”

“ನನಗೂ ತಿಳಿ. ನಾ ಎದ್ದಮ್ಯಾಲೆ ಚುರುಮುರಿ ತಿಂತೇನಿ, ಖಾರ ಹಾಕಿ.”

ಆಮೇಲೆ ಕೆಲವು ದಿನ ನನಗೆ ಮೈಮೇಲೆ ಎಚ್ಚರವಿರಲಿಲ್ಲ. ಕಣ್ಣು ಬಿಟ್ಟಾಗ ಜ್ವರ ಇಳಿದಿತ್ತು. ಅವ್ವ ನನ್ನ ಪಾದ ಹಿಡಿದುಕೊಂಡು ಕುಳಿತಿದ್ದಳು. ಖುಷಿಯಿಂದ ಇರಬೇಕಾದ ಮುಖ ಹಾಗಿರಲಿಲ್ಲ. ಹಸೀನಾ ಎಲ್ಲಿ ಎಂದು ಕೇಳಿದೆ. “ಬಂಕಾಪುರಕ್ಕ, ಅವರಜ್ಜಿ ಮನಿಗೆ” ಎಂದಳು.

ಹೋಗಿದ್ದರೇನು, ನಾಳೆ ಬರುತ್ತಾಳೆ ಎಂದುಕೊಂಡೆ. ಅಭ್ಯಾಸ ಬಿಡಲಿಲ್ಲ. ಅಪ್ಪ, ಅವ್ವ ಹತ್ತಿರ ಇಲ್ಲದಾಗ ಗೋಡೆಯತ್ತ ಮುಖ ಮಾಡಿ ಕೂಗುತ್ತಿದ್ದೆ: “ಏ ಹಸೀನಾ, ಬಂದಿಯೇನು? ನನಗ ಇವತ್ತ ಮೆತ್ತನ್ನ ಅನ್ನ ಕೊಟ್ರು.” ಮೂರನೆಯ ದಿನವೋ ನಾಲ್ಕನೆಯ ದಿನವೋ ಆ ಕಡೆಯಿಂದ ಉತ್ತರ ಬಂತು. ದನಿ ಹಸೀನಾಳದಲ್ಲ, ಖತೀಜಾಬಿಯದು.

“ಹೌದೇನು ಬೇಟಾ? ಛಲೋ ಆತು. ಹೊಟ್ಟಿ ತುಂಬ ಉಣ್ಣು.”

ಅಷ್ಟರಲ್ಲಿ ಒಳಗೆ ಬಂದ ಅವ್ವ ಅದನ್ನು ಕೇಳಿದಳು. ಕೈಯಲ್ಲಿದ್ದ ತಂಬಿಗೆಯನ್ನು ಕೆಳಗಿಟ್ಟು ಗೋಡೆಗೆ ಒರಗಿ ನಿಂತಳು. ಅವಳು ಅಳುವುದನ್ನು ನಾನು ಮೊದಲು ಕಂಡದ್ದು ಆಗ. ಯಾಕೆಂದು ತಿಳಿಯದೆ, ಅನ್ನ ತಿಂದದ್ದೇ ತಪ್ಪಾಯಿತೇನೋ ಎಂದು ಹೆದರಿದೆ.

ಓಣಿಯ ಹೆಂಗಸರು ನನ್ನನ್ನು ನೋಡಲು ಬಂದರು. “ನಿನ್ನ ಪೂಜಿ ಕೈ ಬಿಡಲಿಲ್ಲ ನೋಡವ್ವ” ಎಂದರು.

“ಹಂಗ ಅನಬ್ಯಾಡ್ರಿ. ಆಕೀ ಪೂಜಿ ಕಡಿಮಿ ಇತ್ತೇನು? ಗೋಡಿ ಆಚೆ ಕೇಳಸ್ತೈತಿ” ಎಂದು ಅವ್ವ ಅವರ ಬಾಯಿ ಮುಚ್ಚಿಸಿದಳು. ಹರಕೆಯ ಮಾತನ್ನೇ ಎತ್ತಲಿಲ್ಲ. ಅಪ್ಪ ಒಮ್ಮೆ ನೆನಪಿಸಿದಾಗ, “ಅರ್ಧ ಹರಕಿ ಹೆಂಗ ತೀರಸ್ಲಿ?” ಎಂದಳು.

ಒಂದೆರಡು ತಿಂಗಳು ಕಳೆದಿರಬೇಕು. ಖತೀಜಾಬಿಯೇ ಬಂದಳು. “ಅಕ್ಕಾ, ನನ್ನ ಸಲುವಾಗಿ ಹರಕಿ ನಿಲ್ಲಸಬ್ಯಾಡ. ಇವನರೆ ಉಳದಾನಲ್ಲ. ನಡಿ, ನಾನೂ ಕೈ ಹಚ್ಚತೇನಿ.” ಆಗಿನ ಕಾಲಕ್ಕೆ ಅವರು ನಮ್ಮ ಅಡುಗೆಮನೆಯ ಹೊಸ್ತಿಲು ದಾಟುತ್ತಿರಲಿಲ್ಲ. ಅವ್ವ ಹಿತ್ತಲಿನಲ್ಲಿ ಮೂರು ಕಲ್ಲು ಹೂಡಿ, ಹಂಚನ್ನು ಅಲ್ಲಿಗೇ ತಂದಳು. ಇಬ್ಬರೂ ಎದುರುಬದುರು ಕುಳಿತರು. ಖತೀಜಾಬಿ ತಟ್ಟಿ ಕೊಟ್ಟಳು, ಅವ್ವ ಬೇಯಿಸಿದಳು. ಮೊದಲನೆಯ ಹೋಳಿಗೆಯನ್ನು ಖತೀಜಾಬಿ ಮುರಿದು ನನ್ನ ಬಾಯಿಗಿಟ್ಟಳು.

“ಖಾಲಾ, ಹಸೀನಾ ಬಂಕಾಪುರದಿಂದ ಯಾವಾಗ ಬರ್ತಾಳ?” ಎಂದೆ.

ಅವ್ವನ ಕೈ ಹಂಚಿನ ಮೇಲೆಯೇ ನಿಂತಿತು. ಖತೀಜಾಬಿ ಇನ್ನೊಂದು ತುಂಡು ಮುರಿದಳು.

“ಬರೂದಿಲ್ಲ ಬೇಟಾ. ನೀ ತಿನ್ನು.”

ನಾನು ತಿಂದೆ. ಸಿಹಿಯಾಗಿತ್ತು. ಅದರಲ್ಲಿ ಸುಳ್ಳು ಹೇಳಲಾರೆ.

ಅವ್ವ ಪೂಜೆ ಬಿಡಲಿಲ್ಲ. ಆದರೆ ಯಾರಿಗೂ “ಅಂಜಬ್ಯಾಡ, ಏಳ್ತಾರ” ಎಂದು ಮತ್ತೆ ಹೇಳಲಿಲ್ಲ. ಮುಂದೆ ನನ್ನ ಮಗನಿಗೆ ಜ್ವರ ಬಂದಾಗ, ಅವನ ಪಕ್ಕದಲ್ಲಿ ಲಿಂಗ ಹಿಡಿದು ಬಹಳ ಹೊತ್ತು ಕುಳಿತಿದ್ದಳು. ಏನು ಬೇಡಿಕೊಂಡೆ ಎಂದು ಕೇಳಿದೆ.

“ಏನೂ ಬೇಡಲಿಲ್ಲಪ. ಬೇಡೂದ ಬಿಟ್ಟು ಭಾಳ ದಿನ ಆತು. ಸುಮ್ನ ಅವನ ಜೋಡಿ ಕುಂತಿದ್ದೆ” ಎಂದಳು.

ನಾನು ಸಾವನ್ನು ಗೆದ್ದ ಕಥೆಯನ್ನು ಮಕ್ಕಳಿಗೆ, ಮೊಮ್ಮಕ್ಕಳಿಗೆ, ಬಂದವರಿಗೆಲ್ಲ ಬೇಡವೆಂದರೂ ಬಿಡದೆ ಹೇಳಿದ್ದೇನೆ. ಅವ್ವನ ವಿಭೂತಿ, ಹರಕೆ, ಹೋಳಿಗೆ, ಅಲ್ಲಿಗೆ ನಿಲ್ಲಿಸುತ್ತಿದ್ದೆ. ಕೇಳಿದವರು ಸಂತೋಷದಿಂದ ಎದ್ದು ಹೋಗುತ್ತಿದ್ದರು. ಅವ್ವ ಬದುಕಿರುವಾಗ ಒಮ್ಮೆ ಹಾಗೆ ಹೇಳುತ್ತಿದ್ದೆ. ಅವಳು ಎದ್ದು ಹೊರಗೆ ಹೋದಳು. ಯಾಕೆಂದು ನಾನು ಕೇಳಲಿಲ್ಲ.

ಈಗ ಆ ಎರಡೂ ಮನೆಯ ಹಿರಿಯರು ಯಾರೂ ಇಲ್ಲ. ಹಸೀನಾ ಎಂಬ ಹುಡುಗಿ ಇದ್ದಳೆಂದು ಬಲ್ಲವನು ನಾನೊಬ್ಬನೇ. ಅವಳ ಮುಖ ನೆನಪಿಗೆ ಬರುತ್ತಿಲ್ಲ, ದನಿಯಷ್ಟೇ ಬರುತ್ತದೆ. ಇಷ್ಟು ವರ್ಷ ಕಥೆಯಿಂದ ಅವಳನ್ನು ಬಿಟ್ಟೇ ಹೇಳಿದೆ. ಇವತ್ತು ನಿಮಗೆ ಬಿಡದೆ ಹೇಳಿದ್ದೇನೆ.