ಬೈರಮ್ಮ ಬರಿಗೈಯಲ್ಲಿ ಇಟ್ಟ ಕುಂಕುಮ

ನಮ್ಮ ಬನಶಂಕರಿಯ ಲ್ಯಾಬಿನಲ್ಲಿ ಬೈರಮ್ಮನ ಕಣ್ಣು ತಪ್ಪಿಸಿ ಮೂಲೆಯ ಮೇಜನ್ನು ಮುಟ್ಟಿದವರಿಲ್ಲ. ಕತ್ರಿಗುಪ್ಪೆಯಿಂದ ನಡೆದೇ ಬಂದು ಇಪ್ಪತ್ತು ವರ್ಷದಿಂದ ಗಾಜಿನ ಸಾಮಾನು ತೊಳೆಯುತ್ತಿದ್ದಾರೆ. ಗ್ಲೌಸ್ ಹಾಕದೆ ಬಂದವರು ಪಿಎಚ್‌ಡಿ ಮಾಡುವವರಾದರೂ ಬಾಗಿಲಲ್ಲೇ ಗದರುತ್ತಾರೆ. ಸ್ಟೋರ್ ನೋಡಿಕೊಳ್ಳುವ ನನಗೂ ಚೆನ್ನಾಗಿ ಬೈದಿದ್ದಾರೆ. ಸಿಟ್ಟು ಬಂದಿತ್ತು, ಆದರೆ ಅವರು ಹೇಳಿದ್ದು ಸರಿ.

ಆ ಮೇಜಿನಲ್ಲಿ ಚೈತ್ರ ಆರ್‌ಎನ್‌ಎ ಮೇಲೆ ಸಂಶೋಧನೆ ಮಾಡುತ್ತಾಳೆ. ಜೀವಕೋಶದಲ್ಲಿ ಜೀನಿನ ಮಾತನ್ನು ಹೊತ್ತೊಯ್ಯುವ ಚೀಟಿ ಅದು. ಅದನ್ನು ನೋಡಿಕೊಂಡೇ ಕೋಶ ತನಗೆ ಬೇಕಾದ್ದನ್ನು ತಯಾರಿಸುತ್ತದೆ. ಕೆಲವು ಪ್ರೋಟೀನುಗಳು ಆ ಚೀಟಿಯನ್ನೇ ಹಿಡಿದುಕೊಳ್ಳುತ್ತವೆ. ಒಂದು ಅದನ್ನು ಕಾಪಾಡುತ್ತದೆ, ಇನ್ನೊಂದು ಬೇಗ ಹರಿದುಹೋಗುವಂತೆ ಮಾಡುತ್ತದೆ. ಹಾಗಾಗಿ ಜೀನ್ ಅದೇ ಇದ್ದರೂ ಎಷ್ಟು ಕೆಲಸ ನಡೆಯಬೇಕೆಂಬುದು ಇವುಗಳ ಕೈಯಲ್ಲೂ ಇದೆ. ಚೈತ್ರಳ ಪ್ರೋಟೀನು ಕಾಪಾಡುವ ಜಾತಿಯದು. ಅದು ಇದ್ದ ಕೋಶಗಳಲ್ಲಿ ಚೀಟಿ ಭದ್ರ, ತೆಗೆದ ಕೋಶಗಳಲ್ಲಿ ಮಾಯ. ಇಷ್ಟು ಕಂಡುಕೊಳ್ಳಲು ಮೂರು ವರ್ಷ ದುಡಿದಿದ್ದಳು.

ಹೋದ ವರ್ಷ ದಸರಾ ಕಳೆದ ಮೇಲೆ ಎರಡು ಬಗೆಯ ಕೋಶಗಳಲ್ಲೂ ಚೀಟಿ ಸಿಗಲಿಲ್ಲ. ಮೂರು ಸಲ ಮಾಡಿದರೂ ಅಷ್ಟೇ. ಮುಖ್ಯಸ್ಥರಾದ ಬದರಿನಾಥರು, ಮೊದಲಿನ ಫಲಿತಾಂಶವೇ ತಪ್ಪಿರಬೇಕು, ಶುಕ್ರವಾರ ಈ ಕೆಲಸ ಮುಚ್ಚೋಣ ಅಂದರು. ದಸರಾ ತನಕ ಎಲ್ಲ ಸರಿಯಿತ್ತಲ್ಲ ಎಂದು ಚೈತ್ರ ಬೈರಮ್ಮನ ಮುಂದೆ ಅತ್ತಳು.

ನನಗೆ ಕಾರಣ ಮೊದಲೇ ಹೊಳೆದಿತ್ತು. ಆಯುಧಪೂಜೆಯ ದಿನ ಬೈರಮ್ಮ ದ್ರವ ಅಳೆದು ಹಾಕುವ ಪಿಪೆಟ್ಟುಗಳಿಗೆಲ್ಲ ಬರಿಗೈಯಲ್ಲಿ ಕುಂಕುಮ ಇಟ್ಟಿದ್ದರು; ತಟ್ಟೆ ಹಿಡಿದವನು ನಾನೇ. ಆರ್‌ಎನ್‌ಎ ಕತ್ತರಿಸುವ ವಸ್ತು ನಮ್ಮ ಚರ್ಮದ ಮೇಲೆಯೇ ಇರುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುವಂಥದ್ದಲ್ಲ; ಪಿಪೆಟ್ಟಿನಿಂದ ಅದು ಚೈತ್ರಳ ಮಾದರಿಗಳಿಗೂ ಸೇರಿ ಚೀಟಿಯನ್ನೆಲ್ಲ ಕತ್ತರಿಸಿರಬೇಕು. ಆದರೆ ನಮ್ಮಿಬ್ಬರದೂ ಕಾಂಟ್ರಾಕ್ಟ್ ಕೆಲಸ. ಬಾಯಿ ಮುಚ್ಚಿಕೊಂಡು ಕೂತೆ. ಥೂ ನನ್ನ ಜನ್ಮಕ್ಕೆ!

ಶುಕ್ರವಾರ ನಾನು ಸ್ಟೋರಿನ ಲೆಕ್ಕ ಹಿಡಿದು ಕೂತಿದ್ದ ಮೀಟಿಂಗಿಗೆ ಬೈರಮ್ಮ ಯಾರೂ ಕರೆಯದೆಯೇ ಬಂದು ನಿಂತರು.

“ಸಾರ್, ಚೈತ್ರಮ್ಮಂದು ತಪ್ಪಿಲ್ಲ. ಪೂಜೇಲಿ ಗ್ಲೌಸ್ ಹಾಕ್ಕೊಂಡು ಕುಂಕುಮ ಇಡೋದಾ ಅಂತ ಬಿಚ್ಬಿಟ್ಟೆ. ಆ ಪಿಪೆಟ್ಟೆಲ್ಲಾ ಮುಟ್ಟಿದ್ದು ನಾನೇ. ಬೇಕಾದ್ರೆ ನನ್ನ ತೆಗೀರಿ, ಆ ಮಗು ಕೆಲ್ಸ ನಿಲ್ಲಿಸ್ಬೇಡಿ.”

ಜೊತೆಗೆ ಯಾರಿದ್ದರು ಎಂದು ಬದರಿನಾಥರು ಕೇಳಿದರು. ಬೈರಮ್ಮ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

“ಯಾರೂ ಇರ್ಲಿಲ್ಲ ಸಾರ್.”

ಆಗ ನಾನು ಎದ್ದು ನಿಂತೆ. ತಟ್ಟೆ ಹಿಡಿದವನು ನಾನೇ, ಕಾರಣ ಗೊತ್ತಿದ್ದೂ ಹೇಳಲಿಲ್ಲ ಎಂದು ಒಪ್ಪಿಕೊಂಡೆ.

ಬದರಿನಾಥರು ಯಾರನ್ನೂ ತೆಗೆಯಲಿಲ್ಲ. ಹೊಸ ಪಿಪೆಟ್ಟುಗಳು ಬಂದವು, ಚೈತ್ರಳ ಚೀಟಿಯೂ ಇರಬೇಕಾದಲ್ಲಿ ಮತ್ತೆ ಸಿಕ್ಕಿತು. ಈ ವರ್ಷದ ಪೂಜೆಗೆ ಬೈರಮ್ಮ ಗ್ಲೌಸ್ ಹಾಕಿಕೊಂಡು ಬಾಗಿಲಿಗಷ್ಟೇ ಕುಂಕುಮ ಇಟ್ಟರು. ತಟ್ಟೆ ಹಿಡಿಯಲು ನನ್ನನ್ನೇ ಕರೆದರು.