ಮಾಯಾ ತೋಟದ ಗೇಟು

ಬೈಲಹೊಂಗಲದ ನಮ್ಮ ಓಣಿಯ ವಾಚನಾಲಯದಲ್ಲಿ ಒಂದು ಗೋಡೆ ಖಾಲಿ ಇತ್ತು. ವಾಚನಾಲಯ ನೋಡಿಕೊಳ್ಳುವ ಅಕ್ಕ, ಅಲ್ಲೊಂದು ಹಳೆಯ ಕಥೆಯ ಮಾಯಾ ತೋಟದ ಚಿತ್ರ ಬರೆಸುತ್ತೇನೆಂದು ಹಟ ಹಿಡಿದರು. ಸಿಕ್ಕವರು ಕಿತ್ತೂರಿನ ಹೆದ್ದಾರಿ ಬದಿಯಲ್ಲಿ ಲಾರಿಗಳಿಗೆ ಬಣ್ಣ ಹಚ್ಚುವ ಚಾಚಾ. ಲಾರಿಗಳ ಹಿಂದೆ ಗಿಳಿ, ಕಮಲ ಬರೆಯುತ್ತಲೇ ಕೂದಲು ಬೆಳ್ಳಗಾದವರು. ಒಂದಕ್ಕೂ ತಮ್ಮ ಹೆಸರು ಹಾಕಿದವರಲ್ಲ. ಲಾರಿಯ ಮೇಲೆ ಮಾಲೀಕರ ಹೆಸರಿಗಷ್ಟೇ ಜಾಗ. ಚಿತ್ರ ಒಪ್ಪಿಗೆಯಾದರೆ ಕೆಳಗೆ ನಿಮ್ಮ ಹೆಸರು, ಇಲ್ಲದಿದ್ದರೆ ಅದರ ಮೇಲೆ ಸುಣ್ಣ ಎಂದು ಅಕ್ಕ ಮೊದಲೇ ಹೇಳಿದ್ದರು.

ಚಾಚಾ ಅವರಿಗೆ ಕಥೆಪುಸ್ತಕದ ಸಣ್ಣ ಅಕ್ಷರ ಕಾಣುತ್ತಿರಲಿಲ್ಲ. ಕಥೆ ಹೇಳುವ ಕೆಲಸ ನನಗೆ ಬಂತು. ನಾನು ಪತ್ರಿಕೆಯ ವರದಿಗಾರ. ನಾಲ್ಕು ವಾಕ್ಯದಲ್ಲಿ ಮುಗಿಸಿದೆ. ತೋಟ ಬೆಟ್ಟದ ಮೇಲಿದೆ. ಬೇಲಿಯಿಲ್ಲ. ಬೆಳದಿಂಗಳಲ್ಲಿ ಗಿಡಗಳು ಎದ್ದು ನಡೆದು ಜಾಗ ಬದಲಿಸುತ್ತವೆ. ಒಳಹೊಕ್ಕವರಿಗೆ ದಾರಿ ಸಿಗುವುದಿಲ್ಲ.

“ಸರ, ಇದೇನ್ ಪಂಚನಾಮಾ ಓದಾಕತ್ತೀರಿ? ನೀರ ಎಲ್ಲಿಂದ ಬರತೈತಿ ಹೇಳ್ರಿ.”

“ಅದು ಮಾಯಾ ತೋಟ, ಚಾಚಾ.”

“ಮಾಯಾ ಆದ್ರೇನಾತು? ಗಿಡಕ್ಕ ನೀರಡಿಕಿ ಆಗೂದಿಲ್ಲೇನ್ರಿ?”

ಮುಂದಿನ ಎಂಟು ದಿನ ನಾನು ಸುದ್ದಿಗಾಗಿ ಸವದತ್ತಿ, ರಾಮದುರ್ಗ ಸುತ್ತಿದೆ. ವಾಪಸ್ ಬಂದಾಗ ಗೋಡೆ ತುಂಬಿತ್ತು. ನೀಲಿ ಬೆಳಕಿನಲ್ಲಿ ಮಾವು, ಪೇರಲ, ಹುಣಸೆ ಗಿಡಗಳು ಸೀರೆಯ ನಿರಿಗೆಯಂತೆ ಬೇರುಗಳನ್ನು ಎತ್ತಿ ಹಿಡಿದು ನಡೆಯುತ್ತಿದ್ದವು. ಹಿಂದೆ ಉಳಿದ ಒಂದು ನಿಂಬೆ ಗಿಡ ಓಡುತ್ತಿತ್ತು. ನಡುವೆ ಕಾಲುವೆ. ಅದಕ್ಕೊಂದು ಕಬ್ಬಿಣದ ಗೇಟು, ಮೇಲೆ ತಿರುಗಿಸುವ ಚಕ್ರ. ಥೇಟ್ ನವಿಲುತೀರ್ಥ ಅಣೆಕಟ್ಟಿನ ಕಡೆ ಕಾಣುವಂಥದ್ದು.

ಅಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. “ಚಾಚಾ, ಮಾಯಾ ತ್ವಾಟದಾಗ ನೀರಾವರಿ ಇಲಾಖೆ ಯಾಕ್ ಬಂತ್ರಿ? ಕಥಿಯೊಳಗ ಕಾಲುವಿ ಎಲ್ಲೈತಿ? ಸೋಮವಾರ ಸುಣ್ಣಾ ಹೊಡಸ್ತೇನಿ ನೋಡ್ರಿ.”

ಚಾಚಾ ಬ್ರಷ್ ಒರೆಸುತ್ತ ನನ್ನ ಮುಖ ನೋಡಿದರು. ನಾನು ಪುಸ್ತಕ ತೆಗೆದು, ಈ ಸಲ ಏನನ್ನೂ ಕತ್ತರಿಸದೆ ಗಟ್ಟಿಯಾಗಿ ಓದಿದೆ. ಎರಡು ಪುಟ ಮುಗಿದರೂ ಕಾಲುವೆ ಬರಲಿಲ್ಲ. ಇದ್ದದ್ದನ್ನು ಇದ್ದ ಹಾಗೇ ಹೇಳಿದೆ. ಚಾಚಾ ಬಣ್ಣದ ಡಬ್ಬಿಗಳ ಮುಚ್ಚಳ ಹಾಕತೊಡಗಿದರು. ಮೂರನೆಯ ಪುಟದಲ್ಲಿ, ನಾನು ಹಿಂದೆ ಅನಗತ್ಯವೆಂದು ಬಿಟ್ಟಿದ್ದ ವಾಕ್ಯವೊಂದಿತ್ತು: ಬೆಳಿಗ್ಗೆ ದಾರಿಯ ತುಂಬ ಗಿಡಗಳ ಒದ್ದೆ ಹೆಜ್ಜೆಗಳಿದ್ದವು.

“ತಡೀರಿ ಸರ. ಒದ್ದಿ ಹೆಜ್ಜಿ ಅಂದ್ರಿ? ಕಾಲ ಎಲ್ಲಿ ತೊಯಿಸ್ಕೊಂಡ್ ಬಂದ್ವು? ಗಾಳ್ಯಾಗೇನ್ರಿ?”

ಅಕ್ಕ ಪುಸ್ತಕ ಕಸಿದುಕೊಂಡು ಎರಡು ಸಲ ಓದಿದರು. “ಆತು, ನೀರ ಇರ್ಲಿ. ಗೇಟ್ ಬ್ಯಾಡ.”

“ಗೇಟ್ ತಗದ್ರ ತ್ವಾಟ ಮುಳುಗತೈತ್ರಿ, ಅಕ್ಕಾರ. ಆಮ್ಯಾಲ ನಿಮ್ಮ ಪುಸ್ತಕಾನೂ ತೊಯ್ತಾವ.”

ಅಕ್ಕನಿಗೆ ನಗು ತಡೆಯಲಾಗಲಿಲ್ಲ. “ಬರೀರಿ ಮಾರಾಯ್ರ, ನಿಮ್ಮ ಹೆಸರು.”

ಲಾರಿಯ ನಂಬರನ್ನು ಒಂದೇ ಉಸಿರಿಗೆ ಬರೆಯುವ ಚಾಚಾ, ಗೋಡೆಯ ಬುಡದಲ್ಲಿ ಕುಳಿತೇ ಇದ್ದರು. ಮೂರು ಸಲ ಪೆನ್ಸಿಲಿನಿಂದ ಬರೆದು ಅಳಿಸಿದರು. ಕೊನೆಗೆ ಬೆರಳುದ್ದದ ಹೆಸರು ಬರೆದು, “ಭಾಳ ದೊಡ್ಡದಾತೇನ್ರಿ ಸರ?” ಎಂದು ಕೇಳಿದರು.

“ಕಾಣವಲ್ದು,” ಎಂದೆ. “ಇನ್ನಷ್ಟ್ ದೊಡ್ಡದ್ ಬರೀರಿ.”